ಉಲ್ಲಾಳದ ದಾರಿಯ ಹುರುಳಿ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಬೇರೇನಾದರೂ ಕೆಲಸ ನೆನಪಾಗುತ್ತಿತ್ತು. ನಲ್ಲಿಯ ವಾಷರ್ ಬದಲಾಯಿಸಲು ಏಳುತ್ತಿದ್ದೆ, ಇಲ್ಲವೇ ಮಾತ್ರೆ ತರಲು ಹೊರಡುತ್ತಿದ್ದೆ. ಹೀಗೆಯೇ ವರ್ಷಗಳು ಹೋದವು. ನಾನು ವಯಸ್ಸಿನಲ್ಲಿ ಬೀದರಿನಿಂದ ಚಾಮರಾಜನಗರದವರೆಗೆ ಸೈಕಲ್ ತುಳಿದವನು ಎಂದು ಮನೆಯವರಿಗೆಲ್ಲ ಗೊತ್ತು. ಬಂದ ನೆಂಟರೆದುರು ಮಗ ಅದನ್ನು ಹೆಮ್ಮೆಯಿಂದ ಹೇಳುತ್ತಾನೆ. ನಾನೂ ಬಿಜಾಪುರದ ಬಿಸಿಲನ್ನು, ಚಿತ್ರದುರ್ಗದ ಎದುರುಗಾಳಿಯನ್ನು ವರ್ಣಿಸಿ ಹೇಳಿ, ಕೆಂಗೇರಿಯಲ್ಲಿ ಒಂದು ದಿನ ವಿಶ್ರಾಂತಿ ತೆಗೆದುಕೊಂಡೆವು ಎನ್ನುವ ಕಡೆ ಒಂದೇ ಮಾತಿನಲ್ಲಿ ದಾಟಿ ಮಂಡ್ಯಕ್ಕೆ ಹೋಗಿಬಿಡುತ್ತೇನೆ. ಇವತ್ತು ಕೆಂಗೇರಿಯಲ್ಲೇ ನಿಲ್ಲುತ್ತೇನೆ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮಾರನೆಯ ವರ್ಷದ ಚಳಿಗಾಲ ಅದು. ರಾಜಾಜಿನಗರದಲ್ಲಿ ನಾವು ಕೆಲವರು ಬೆಳಗಿನ ಹೊತ್ತು ಒಂದು ಮೈದಾನದಲ್ಲಿ ಕಸರತ್ತು ಮಾಡುತ್ತಿದ್ದೆವು. ಕಲಿಸುತ್ತಿದ್ದವರು ಒಂದು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಹೊಸ ಹೆಸರು ಬಂದ ನಾಡನ್ನು ತಲೆಯಿಂದ ಕಾಲಿನವರೆಗೆ ಸೈಕಲ್ಲಿನಲ್ಲಿ ನೋಡಿಬರೋಣ ಎಂಬ ಯೋಚನೆ ಅವರದೇ. ಮೇಷ್ಟ್ರೂ ಸೇರಿ ಏಳು ಜನ ಹೊರಟೆವು. ಸೈಕಲ್ಲುಗಳನ್ನು ರೈಲಿನ ಬ್ರೇಕ್ ವ್ಯಾನಿಗೆ ಹಾಕಿ ಬೀದರಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ತುಳಿಯುತ್ತ ಬಂದೆವು. ಪ್ರತಿಯೊಬ್ಬರ ಹ್ಯಾಂಡಲ್ಲಿಗೂ ಒಂದು ತಗಡಿನ ಬೋರ್ಡು ಕಟ್ಟಿತ್ತು. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರದಲ್ಲಿ ಬೀದರ್–ಚಾಮರಾಜನಗರ ಎಂದು ಬರೆದಿತ್ತು. ಅದನ್ನು ನೋಡಿ ಹಳ್ಳಿಯವರು ಕರೆದು ಮಜ್ಜಿಗೆ ಕೊಡುತ್ತಿದ್ದರು, ಗುಡಿಯ ಜಗಲಿಯಲ್ಲಿ ಮಲಗಲು ಬಿಡುತ್ತಿದ್ದರು. "ಆ ಬೋರ್ಡು ಇದ್ರೆ ನೀವು ಯಾತ್ರಿಕರು ಕಣ್ರಯ್ಯ. ಬಿಚ್ಚಿಟ್ರೆ ಸೈಕಲ್ ಮೇಲೆ ಅಲೆಯೋ ಪೋಲಿಗಳು" ಎಂದು ಮೇಷ್ಟ್ರು ನಗಾಡುತ್ತಿದ್ದರು.

ದಾರಿಯಲ್ಲಿ ಮೇಷ್ಟ್ರು ಒಂಟಿಯಾಗಿ ಎಲ್ಲರಿಗಿಂತ ಮುಂದೆ, ಉಳಿದ ನಾವು ಜೋಡಿ ಜೋಡಿಯಾಗಿ ಹಿಂದೆ. ನನ್ನ ಜೋಡಿ ಅತ್ತಿಗುಪ್ಪೆಯವನು. ಈಗ ಮೆಟ್ರೋ ನಿಲ್ಲುವ ಅತ್ತಿಗುಪ್ಪೆ ಆಗ ರಾಗಿ ಹೊಲ, ದನದ ಕೊಟ್ಟಿಗೆಗಳ ಹಳ್ಳಿ. ಪಕ್ಕದಲ್ಲಿ ವಿಜಯನಗರದ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ನಾನು ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟವರ ಮಗ. ಇಬ್ಬರೂ ಒಂದೇ ಹೈಸ್ಕೂಲು. ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಅವನು ಆಗಲಿಲ್ಲ. ಅಂದಿನಿಂದ ಅವನಪ್ಪ ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ಎಲ್ಲೋದ ಆ ದಂಡಪಿಂಡ?" ಎಂದೇ ಕೇಳುತ್ತಿದ್ದರು.

ಅವನಿಗೆ ಹಿಂದಿನ ವರ್ಷ ಕೆಂಗೇರಿ ಪಕ್ಕದ ಉಲ್ಲಾಳದ ಹುಡುಗಿಯೊಂದಿಗೆ ಮದುವೆಯಾಗಿತ್ತು. ಆಕೆ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ನಾವು ಹೊರಡುವ ಮುಂಚೆ ಅವನ ಮಾವ ಒಂದು ಮಾತು ಹೇಳಿದ್ದರಂತೆ: "ಕೆಂಗೇರಿ ಮೇಲೇ ಅಲ್ವಾ ನೀವು ಮೈಸೂರ್ ಕಡೀಕೆ ಹೋಗೋದು? ಅಲ್ಲಿಂದ ಹೊರಡೋ ದಿನ ನಾವೆಲ್ಲ ಬಂದು ರೋಡಲ್ಲಿ ನಿಂತು ಹಾರ ಹಾಕ್ತೀವಿ. ನಮ್ಮ ಅಳಿಯ ಏನು ಅಂತ ಊರೋರೂ ನೋಡ್ಲಿ." ಈ ಮಾತನ್ನು ಅವನು ಬೀದರಿನಿಂದ ತುಮಕೂರಿನವರೆಗೂ ಅಡಿಕೆಯಂತೆ ಬಾಯಲ್ಲಿಟ್ಟುಕೊಂಡು ಬಂದ. ಏರು ರಸ್ತೆಯಲ್ಲಿ ಅವನಿಗೆ ಏದುಸಿರು ಬಂದಾಗ ನಾನು "ಅಗೋ, ನಿಮ್ಮ ಮಾವ ನಿಂತವ್ರೆ ನೋಡೋ" ಎಂದರೆ ಸಾಕು, ಪೆಡಲ್ ಮೇಲೆ ಎದ್ದು ನಿಂತು ತುಳಿಯುತ್ತಿದ್ದ. ಮದುವೆಯ ದಿನ ಬಿಟ್ಟರೆ ಅವನ ಕೊರಳಿಗೆ ಯಾರೂ ಹಾರ ಹಾಕಿರಲಿಲ್ಲ.

ಬೆಂಗಳೂರು ಹತ್ತಿರವಾದ ಹಾಗೆ ಮೇಷ್ಟ್ರು ಬಿಗಿಯಾದರು. ಹಿಂದೊಮ್ಮೆ ಅವರು ಇಂಥದೇ ಪ್ರವಾಸಕ್ಕೆ ಹುಡುಗರನ್ನು ಕರೆದೊಯ್ದಾಗ, ದಾರಿಯಲ್ಲಿ ಸ್ವಂತ ಊರು ಸಿಕ್ಕವರೆಲ್ಲ ಒಂದು ರಾತ್ರಿಗೆಂದು ಮನೆಗೆ ಹೋಗಿ, ತಾಯಿಯ ಕೈಯೂಟ ಉಂಡು ಮಲಗಿ, ಮತ್ತೆ ಸೈಕಲ್ ಹತ್ತಲೇ ಇಲ್ಲವಂತೆ. ನೆಲಮಂಗಲದಲ್ಲಿ ನಮ್ಮನ್ನು ನಿಲ್ಲಿಸಿ ಹೇಳಿದರು: "ಬೆಂಗಳೂರು ನಮಗೆ ಇನ್ನೊಂದು ಊರು ಅಷ್ಟೆ. ಯಾರೂ ಮನೆಗೆ ಹೋಗೋ ಹಾಗಿಲ್ಲ. ನೆಂಟರ ಮನೆಗೂ ಇಲ್ಲ. ಕೆಂಗೇರಿ ಛತ್ರದಲ್ಲಿ ಒಂದು ದಿನ ರೆಸ್ಟು. ಕದ್ದು ಹೋದೋನ ಬೋರ್ಡು ಬಿಚ್ಚಿಬಿಡ್ತೀನಿ. ಅಲ್ಲಿಗೆ ಅವನ ಟೂರು ಮುಗೀತು."

ಮತ್ತೆ ಹೊರಟಾಗ ಗೆಳೆಯ ಸೈಕಲ್ಲನ್ನು ನನ್ನ ಪಕ್ಕಕ್ಕೆ ತಂದ.

"ಛತ್ರದಿಂದ ಉಲ್ಲಾಳ ಎಷ್ಟು ದೂರ ಹೇಳು? ಹಿಂಗೋಗಿ ಹಂಗ್ ಬರ್ಬೋದು. ಆದ್ರೂ ನಾನು ಹೋಗಲ್ಲ ಕಣ್ಲಾ. ನೀನೂ ರಾಜಾಜಿನಗರದಲ್ಲಿ ಇಳೀಬೇಡ. ಕೈ ಕೊಡು."

"ಅಮ್ಮನಾಣೆ?"

"ಅವ್ವನಾಣೆ."

ಸೈಕಲ್ ಓಡಿಸುತ್ತಲೇ ಕೈ ಹಿಡಿದುಕೊಂಡೆವು.

ಮಾರನೆಯ ದಿನ ವೆಸ್ಟ್ ಆಫ್ ಕಾರ್ಡ್ ರೋಡಿನಲ್ಲಿ ನಮ್ಮ ಬೀದಿ ಬಂತು. ಯಾರು ಸುದ್ದಿ ಕೊಟ್ಟಿದ್ದರೋ, ನಮ್ಮಮ್ಮ ಮೂಲೆಯಲ್ಲಿ ನಿಂತಿದ್ದಳು. ಕೈಯಲ್ಲಿ ಮಜ್ಜಿಗೆಯ ಚೊಂಬು, ಅದರ ಮೇಲೆ ಮುಚ್ಚಿದ ತಟ್ಟೆ. "ಬಾರಪ್ಪಾ, ನಿಂತೇ ಒಂದು ಗುಟುಕು ಕುಡಿದು ಹೋಗು" ಎಂದು ಕೂಗಿದಳು. ನಿಂತರೆ ಇಳಿಯುತ್ತೇನೆ, ಇಳಿದರೆ ಅವಳ ಹಿಂದೆ ಮನೆಯೊಳಕ್ಕೆ ಹೋಗಿಬಿಡುತ್ತೇನೆ ಎಂದು ನನಗೆ ಗೊತ್ತಿತ್ತು. ಬೆಲ್ ಬಾರಿಸಿ ಮುಂದೆ ಹೋದೆ. ಸ್ವಲ್ಪ ದೂರ ಹೋದ ಮೇಲೆ ಗೆಳೆಯ "ಭೇಷ್ ಮಗಾ" ಎಂದು ಬೆನ್ನು ತಟ್ಟಿದ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಅವನು ನೋಡಿದ, ನೋಡಿಯೂ ನೋಡದವನಂತೆ ಬಂದ. ಆ ಕ್ಷಣ ಅವನಷ್ಟು ಹತ್ತಿರದವನು ನನಗೆ ಬೇರೆ ಯಾರೂ ಇರಲಿಲ್ಲ.

ಸಂಜೆ ಕೆಂಗೇರಿ ಮುಟ್ಟಿದೆವು. ಛತ್ರದ ಬಾವಿಯಿಂದ ನೀರು ಸೇದಿ ಸೈಕಲ್ಲುಗಳನ್ನು ತೊಳೆದು, ಒರೆಸಿ, ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿ ಮಲಗಿದೆವು.

ವಿಶ್ರಾಂತಿಯ ದಿನ ಎಂದರೆ ನಮ್ಮ ಕಾಲುಗಳಿಗೆ ಮಾತ್ರ ವಿಶ್ರಾಂತಿ. ಸೈಕಲ್ಲುಗಳನ್ನು ಬಿಚ್ಚಿ, ಬೇರಿಂಗಿನ ಬಾಲ್ಸುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ತುಂಬಿ, ಗಾಲಿಯ ಬೆಂಡು ತೆಗೆದು ಜೋಡಿಸುವ ಕೆಲಸ ಆ ದಿನದ್ದು. ಇದರಲ್ಲಿ ಮೇಷ್ಟ್ರು ಒಂದು ಪದ್ಧತಿ ಇಟ್ಟಿದ್ದರು. ಯಾರೂ ತಮ್ಮ ಸೈಕಲ್ಲನ್ನು ತಾವು ಮುಟ್ಟಬಾರದು, ಜೋಡಿಯವನದನ್ನು ಬಿಚ್ಚಿ ಕಟ್ಟಬೇಕು. ತನ್ನ ಸೈಕಲ್ಲಿನ ಕಿರುಗುಟ್ಟುವ ಸದ್ದು ದಿನಾ ಕೇಳಿ ಕಿವಿಗೆ ಒಗ್ಗಿಹೋಗಿರುತ್ತದೆ, ಬೇರೆಯವನಿಗಾದರೆ ತಕ್ಷಣ ಕೇಳುತ್ತದೆ ಎನ್ನುವುದು ಅವರ ಲೆಕ್ಕ. ಸಂಜೆ ಮೇಷ್ಟ್ರು ಬಂದು ಒಂದೊಂದೇ ಗಾಲಿಯನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದರು. ಮಾರನೆಯ ದಿನ ಸವಾರ ಮರುಮಾತಿಲ್ಲದೆ ಹತ್ತಬೇಕು. ಜೋಡಿಯವನು ಬಿಗಿದ ನಟ್ಟನ್ನು ಮತ್ತೆ ಮುಟ್ಟಿ ನೋಡುವುದು ಅವನ ಮುಖಕ್ಕೆ ಹೊಡೆದ ಹಾಗೆ. ಬಿಜಾಪುರದಲ್ಲಿ, ದಾವಣಗೆರೆಯಲ್ಲಿ ಹೀಗೆಯೇ ನಡೆದಿತ್ತು. ಅವನು ಬಿಗಿದ ಸೈಕಲ್ಲಿನ ಮೇಲೆ ನಾನು ಇಳಿಜಾರುಗಳಲ್ಲಿ ಬ್ರೇಕು ಮುಟ್ಟದೆ ಇಳಿದಿದ್ದೇನೆ.

ಬೆಳಿಗ್ಗೆ ಉಪ್ಪಿಟ್ಟು ತಿಂದು ಅವನ ಸೈಕಲ್ಲನ್ನು ಛತ್ರದ ಹಿಂದಿನ ಬೇವಿನ ಮರದ ಕೆಳಗೆ ತಂದು ತಲೆಕೆಳಗಾಗಿ ನಿಲ್ಲಿಸಿದೆ. ಹಿಂದಿನ ಗಾಲಿ ತಿರುಗಿಸಿದಾಗ ಸರಿಯಾಗಿ ಓಡಲಿಲ್ಲ. ಬಗ್ಗಿ ನೋಡಿದೆ. ಫ್ರೀವೀಲಿಗೂ ಕಡ್ಡಿಗಳಿಗೂ ನಡುವೆ ಹುರುಳಿ ಬಳ್ಳಿ ಬಿಗಿಯಾಗಿ ಸುತ್ತಿಕೊಂಡಿತ್ತು. ಎರಡು ಮೂರು ಕಾಯಿ ಇನ್ನೂ ಒಡೆಯದೆ ಅದರಲ್ಲೇ ಇದ್ದವು.

ಆ ತಿಂಗಳುಗಳಲ್ಲಿ ನಮ್ಮ ಕಡೆ ರೈತರು ಕಿತ್ತ ಹುರುಳಿಯನ್ನು ಊರ ದಾರಿಯ ಮೇಲೆ ಹಾಸುತ್ತಾರೆ. ಗಾಡಿಗಳು ಮೇಲೆ ಹರಿದು ಕಾಳು ಬಿಡಿಸಿಕೊಡುತ್ತವೆ. ಸೈಕಲ್ಲಿನವನಿಗೆ ಮಾತ್ರ ಅದು ದೊಡ್ಡ ಕಾಟ. ಆದರೆ ನಾವು ಬಂದದ್ದು ತುಮಕೂರು ರಸ್ತೆಯಿಂದ ಊರೊಳಗೆ, ಅಲ್ಲಿಂದ ಮೈಸೂರು ರಸ್ತೆಗೆ. ಲಾರಿಗಳು ಓಡುವ ಆ ದಾರಿಯಲ್ಲಿ ಹುರುಳಿ ಹಾಸಿರಲಿಲ್ಲ. ಅಲ್ಲದೆ ಹಿಂದಿನ ಸಂಜೆ ಈ ಗಾಲಿಗೆ ನೀರು ಹೊಯ್ದವನು ನಾನೇ. ಇದು ಬೆಳಗಿನ ಜಾವದಲ್ಲಿ ಸಿಕ್ಕಿಕೊಂಡ ಬಳ್ಳಿ, ಕೆಂಗೇರಿಯಿಂದ ಉಲ್ಲಾಳಕ್ಕೆ ಹೋಗುವ ಹಳ್ಳಿದಾರಿಯದು.

ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. ಚೊಂಬು ಹಿಡಿದ ಅಮ್ಮ ಕಣ್ಣ ಮುಂದೆ ಬಂದಳು. ಕೈ ಕೊಡು ಎಂದವನು ಅವನು. ನಾನು ಹೆತ್ತ ತಾಯಿಯನ್ನು ದಾಟಿ ಬಂದಾಗ ಬೆನ್ನು ತಟ್ಟಿದವನು ಅವನು. ಮಾರನೆಯ ಬೆಳಗಾಗುವುದರೊಳಗೆ ನನ್ನನ್ನು ನಿದ್ದೆಯಲ್ಲಿ ಬಿಟ್ಟು ಹೆಂಡತಿಯ ಊರಿಗೆ ಹೋಗಿಬಂದಿದ್ದ.

ಅಷ್ಟರಲ್ಲಿ ಅವನೇ ಸಿಳ್ಳೆ ಹಾಕುತ್ತ ನನ್ನ ಸೈಕಲ್ ತಳ್ಳಿಕೊಂಡು ಮರದ ಕೆಳಗೆ ಬಂದ.

"ಏನ್ಲಾ, ಹೆಂಗೈತೆ ನನ್ ಕುದ್ರೆ?"

"ಚೆನ್ನಾಗಿದೆ. ಬೆಳಿಗ್ಗೆ ಎದ್ದಾಗ ನೀನು ಕಾಣಿಸ್ಲಿಲ್ಲ?"

"ಕೆರೆ ಕಡೀಕೆ ಹೋಗಿದ್ದೆ. ಅದಕ್ಕೂ ಮೇಷ್ಟ್ರ ಪರ್ಮಿಷನ್ ಬೇಕಾ?"

ನಮ್ಮ ಏಳು ಜನರಲ್ಲೇ ಅಡುಗೆ ನೋಡಿಕೊಳ್ಳುತ್ತಿದ್ದವನು ಉಪ್ಪಿಟ್ಟಿನ ಪಾತ್ರೆ ಉಜ್ಜುತ್ತ ಅಲ್ಲಿಂದಲೇ ಕೂಗಿದ. ಅವನ ಮನೆಯವರು ರಾಣೆಬೆನ್ನೂರಿನ ಕಡೆಯವರು, ನಮ್ಮ ಗುಂಪಿನ ಬಾಯಿಬಡುಕ. "ಭಾಳ ಹೊತ್ತಾತಲ್ಲೋ ನೀ ಹೋಗಿ! ಕೆರೀನ ತುಂಬಿಸಿ ಬಂದ್ಯೋ ಹ್ಯಾಂಗ?"

ಎಲ್ಲರೂ ನಕ್ಕರು. ಅವನೂ ನಕ್ಕ. ನಾನೂ ನಕ್ಕೆ. ಹೋದದ್ದಕ್ಕಿಂತ ಆ ಸುಳ್ಳು ನನ್ನನ್ನು ಹೆಚ್ಚು ಚುಚ್ಚಿತು. ಒಂದು ಮಾತು ನನಗೆ ಹೇಳಿದ್ದರೆ ನಾನೇ ಬಳ್ಳಿಯನ್ನು ಕಿತ್ತು ಒಲೆಗೆ ಹಾಕುತ್ತಿದ್ದೆ. ಹಾಗೆಂದು ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ಹಾಕುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಆ ದಿನ ಅವನ ಸೈಕಲ್ಲಿಗೆ ನಾನು ಮಾಡಿದಷ್ಟು ಅಚ್ಚುಕಟ್ಟು ಕೆಲಸ ಹಿಂದೆಂದೂ ಮಾಡಿರಲಿಲ್ಲ. ಮುಂದಿನ ಗಾಲಿ, ಪೆಡಲ್ಲು, ಚೈನು ಎಲ್ಲ ಬಿಚ್ಚಿ ತೊಳೆದೆ. ಬ್ರೇಕಿನ ರಬ್ಬರು ಹೊಸದು ಹಾಕಿದೆ. ಬೋರ್ಡನ್ನು ಬೂದಿ ಹಚ್ಚಿ ತಿಕ್ಕಿದೆ. ಹಿಂದಿನ ಗಾಲಿಯ ಬಳ್ಳಿಯನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟೆ. ಬಟ್ಟೆಯಲ್ಲಿ ಅದರ ಸುತ್ತಲೂ ಒರೆಸಿ, ಅದು ಎದ್ದು ಕಾಣುವಂತೆ ಬಿಟ್ಟೆ. ನಾನು ಯಾರಿಗೂ ಚಾಡಿ ಹೇಳುವುದಿಲ್ಲ, ಬಾಯಿ ಬಿಡುವುದಿಲ್ಲ, ಕಂಡರೆ ಅವರಿಗೇ ಕಾಣಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಸಂಜೆ ಮೇಷ್ಟ್ರು ಸಾಲಿಗೆ ಬಂದರು. ಅವನ ಹಿಂದಿನ ಗಾಲಿಯನ್ನು ತಿರುಗಿಸಿದವರು ಕೈ ತಡೆದು, ಬಗ್ಗಿ, ಬಳ್ಳಿಯನ್ನು ಉಗುರಿನಿಂದ ಎಳೆದು ತೆಗೆದರು. ಒಂದು ಕಾಯಿಯನ್ನು ಒಡೆದು ಕಾಳನ್ನು ಅಂಗೈಯಲ್ಲಿಟ್ಟುಕೊಂಡರು.

"ಎಲ್ಲಿದು ಹುರುಳಿ? ಕೆಂಗೇರಿ ಪೇಟೆ ಬೀದೀಲಿ ಒಕ್ಕಣೆ ಮಾಡ್ತಾರೇನೋ?"

ಗೆಳೆಯನ ಮುಖ ಬಿಳಿಚಿಕೊಂಡಿತು. ಆದರೆ ಆಗ ಅವನು ಸುಳ್ಳು ಹೇಳಲಿಲ್ಲ.

"ಉಲ್ಲಾಳಕ್ಕೆ ಹೋಗಿದ್ದೆ ಸಾರ್. ಒಳಗೆ ಕಾಲಿಡ್ಲಿಲ್ಲ. ಹಿತ್ಲ ಬೇಲಿ ಹತ್ರ ನಿಂತಿದ್ದೆ. ಅವಳು ನರಳೋದು ಕೇಳುಸ್ತು. ಯಾರಿಗೂ ಮುಖ ತೋರಿಸ್ದೆ ಹಂಗೇ ವಾಪಸ್ ಬಂದೆ."

"ನನಗೊಂದು ಮಾತು ಹೇಳಿ ಹೋಗಬಾರದಿತ್ತೇನಪ್ಪಾ?"

"ಹೇಳಿದ್ರೆ ಬಿಡ್ತಿದ್ರಾ ಸಾರ್?"

ಮೇಷ್ಟ್ರು ಅಂಗೈಯ ಕಾಳನ್ನು ಕೆಳಕ್ಕೆ ಚೆಲ್ಲಿದರು. ನನ್ನ ಕಡೆ ತಿರುಗಿದರು. "ಈ ಸೈಕಲ್ ಮಾಡಿದ್ದು ನೀನಲ್ವಾ? ಕಂಡಿದ್ರೆ ಕಿತ್ತು ಹಾಕ್ಬೇಕಿತ್ತು. ಇಲ್ಲಾ ಬಂದು ನನಗೆ ಹೇಳ್ಬೇಕಿತ್ತು. ಇದು ಎರಡೂ ಅಲ್ಲವಲ್ಲೋ."

ನಾನು ತಲೆ ಬಗ್ಗಿಸಿದೆ. ಗೆಳೆಯ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಕತ್ತಲಲ್ಲಿ ಮೆಟ್ಟಿಲು ಇದೆಯೆಂದು ಕಾಲಿಟ್ಟು, ಅದು ಇಲ್ಲದೆ ಮುಗ್ಗರಿಸಿದವನ ಮುಖ ಹೇಗಿರುತ್ತದೋ ಹಾಗಿತ್ತು.

ಮೇಷ್ಟ್ರು ಬೋರ್ಡನ್ನು ಬಿಚ್ಚಿದರು. ತಂತಿ ಬೇಗ ಬಿಚ್ಚಿಕೊಳ್ಳಲಿಲ್ಲ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಅವರಿಗೆ ಅಭ್ಯಾಸವಿರಲಿಲ್ಲ. ಅಡುಗೆಯವನು "ಬಿಡ್ರಿ ಸರ್, ಚೊಚ್ಚಲ ಹೆರಿಗಿ, ಹುಡುಗ ಹೆದರ್ಯಾನ" ಎಂದ. ಯಾರಾದರೂ ಇನ್ನೊಬ್ಬರು ಅದೇ ಮಾತು ಹೇಳಿದ್ದರೆ ಮೇಷ್ಟ್ರು ಕರಗುತ್ತಿದ್ದರೋ ಏನೋ. ಹೇಳಬೇಕಾದವನು ನಾನು, ಅವನ ಜೋಡಿ. ಸುಮ್ಮನಿದ್ದೆ.

ಅವನು ಹಾಸಿಗೆ ಸುತ್ತಿ ಕ್ಯಾರಿಯರ್‌ಗೆ ಕಟ್ಟಿಕೊಂಡ. ಛತ್ರದ ಬಾಗಿಲವರೆಗೆ ನಾನ್ಯಾಕೆ ಹಿಂದೆ ಹೋದೆನೋ ತಿಳಿಯದು. ಅಲ್ಲಿ ಅವನು ನಿಂತ.

"ಉಲ್ಲಾಳಕ್ಕೆ ಹೋಗ್ತೀಯಾ?" ಎಂದು ಕೇಳಿದೆ.

"ಯಾವ ಮುಖ ಇಟ್ಕೊಂಡು ಹೋಗ್ಲಿ? ಊರಿಗೆಲ್ಲ ಹಾರದ ವಿಷ್ಯ ಹೇಳವ್ರೆ. ಅತ್ತಿಗುಪ್ಪೆಗೆ ಹೋಗ್ತೀನಿ." ಕ್ಯಾರಿಯರ್ ಹಗ್ಗ ಬಿಗಿದು ಅಂದ: "ಒಂದು ಕೆಲ್ಸ ಮಾಡು. ನಾಳೆ ಬೆಳಿಗ್ಗೆ ನಮ್ಮ ಮಾವ ಬಂದು ನಿಂತಿರ್ತಾರೆ. ಕಳ್ಸ್‌ಬಿಟ್ರು, ಅತ್ತಿಗುಪ್ಪೇಲವ್ನೆ ಅಂತ ಹೇಳ್ಬಿಡು. ಯಾಕೆ ಅಂತ ಕೇಳಿದ್ರೆ ಅದನ್ನೂ ಹೇಳು, ಪರ್ವಾಗಿಲ್ಲ. ಹೆರಿಗೆ ಆಗ್ತಿದ್ದಂಗೆ ಅಲ್ಲಿಗೆ ಹೇಳಿ ಕಳಿಸ್ಲಿ. ಕಾಯ್ತಿರ್ತೀನಿ."

"ಹೇಳ್ತೀನಿ."

"ಮರೀಬೇಡ."

ಮೈಸೂರು ರಸ್ತೆಗೆ ಹತ್ತಿ ಬೆಂಗಳೂರಿನ ಕಡೆಗೆ ಹೊರಟುಹೋದ.

ಮಾರನೆಯ ಬೆಳಿಗ್ಗೆ ನಾವು ಹಾಸಿಗೆ ಕಟ್ಟುವಾಗ ಛತ್ರದ ಕಾವಲಿನವನು ನನ್ನ ಹತ್ತಿರ ಬಂದ. "ರಾತ್ರೀನೇ ಉಲ್ಲಾಳದಿಂದ ಒಬ್ಬ ಬಂದು ಹೇಳೋದ. ಹೆಣ್ಣು ಮಗುವಂತೆ. ನಿಮ್ಮ ಜೊತೆ ಇರ್ತಾರಲ್ಲ, ಆವಪ್ಪಂಗೆ ಹೇಳ್ಬಿಡಿ" ಎಂದ. ಅವನಿಗೆ ನಡೆದದ್ದು ಗೊತ್ತಿರಲಿಲ್ಲ. ನಾನು ತಲೆಯಾಡಿಸಿದೆ.

ಹೊರಟೆವು. ಜೋಡಿಯಿಲ್ಲದ ನಾನು ಎಲ್ಲರಿಗಿಂತ ಹಿಂದೆ. ಪೇಟೆ ದಾಟಿದ ಮೇಲೆ ರಸ್ತೆಯ ಬದಿಯಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು, ಸುತ್ತ ಹತ್ತಾರು ಜನ. ಹೆಂಗಸರ ಕೈಯಲ್ಲಿ ಆರತಿ ತಟ್ಟೆ. ಮಡಿಸಿದ ಬಿಳಿ ಪಂಚೆ, ತಲೆಗೆ ಟವೆಲು ಸುತ್ತಿದ ಅವನ ಮಾವ, ಚೆಂಡುಹೂವಿನ ದಪ್ಪ ಹಾರ ಹಿಡಿದು ಒಬ್ಬೊಬ್ಬ ಸೈಕಲ್ಲಿನವನ ಮುಖ ನೋಡುತ್ತಿದ್ದರು. ಮುಂದಿನವರೆಲ್ಲ ಕೈ ಮುಗಿದು ದಾಟಿದರು. ನನ್ನನ್ನು ಅವರು ಮದುವೆಯಲ್ಲಿ ನೋಡಿದ್ದರು. ಅಡ್ಡ ಬಂದು ಹ್ಯಾಂಡಲ್ ಹಿಡಿದರು.

"ಬನ್ನಿ ಸ್ವಾಮಿ, ಬಾಯಿ ಸಿಹಿ ಮಾಡ್ಕೊಳಿ ಮೊದ್ಲು" ಎಂದು ಅಂಗೈಗೆ ಒಂದು ಹಿಡಿ ಸಕ್ಕರೆ ಹಾಕಿದರು. ಬಾಯಿಗೆ ಹಾಕಿಕೊಂಡೆ. "ಎಲ್ಲಿ ನಮ್ಮ ಅಳಿಯಂದ್ರು? ಹಿಂದೆ ಬತ್ತಾವ್ರಾ?"

ಕಳಿಸಿಬಿಟ್ಟರು ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಹುರುಳಿ ಬರುತ್ತದೆ, ಹುರುಳಿಯ ಹಿಂದೆ ನಾನು ಬರುತ್ತೇನೆ. ಅಷ್ಟು ಹೆಂಗಸರು ಆರತಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಮುಂದೆ ಹೋದ್ರು" ಎಂದೆ.

"ಮುಂದೇನಾ? ನಾವು ಕತ್ಲಲ್ಲೇ ಬಂದು ನಿಂತಿದೀವಲ್ಲ! ಮಗು ವಿಷ್ಯ ಮುಟ್ತೋ ಇಲ್ವೋ ಅವರಿಗೆ? ಆಳು ಕಳಿಸಿದ್ದೆ ಛತ್ರಕ್ಕೆ."

ಸಕ್ಕರೆ ಇನ್ನೂ ಬಾಯಲ್ಲಿತ್ತು. "ಹೂಂ" ಎಂದೆ.

ಆ ದೊಡ್ಡ ಮನುಷ್ಯರ ಕೈ ನನ್ನ ಹ್ಯಾಂಡಲ್ಲಿನಿಂದ ಸಡಿಲವಾಯಿತು.

"ಗೊತ್ತಾಗೂ ಹೋದ್ರಾ?"

ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಮೆಲ್ಲಗೆ ಅಂದಳು: "ಹೆಣ್ಣು ಅಂತ ಕೇಳಿ ಹೋಗವ್ನೆ ಬಿಡಪ್ಪಾ."

ನಾನು ಹೇಳಿದ್ದು ಏನಾಯಿತು ಎಂದು ನನಗೆ ಆಗ ತಿಳಿಯಿತು. ತಿದ್ದಲು ಸಮಯವಿತ್ತು. ಮುಂದೆ ಮೇಷ್ಟ್ರು ವಿಶಲ್ ಊದಿದರು. ಮಾವ ಹಾರವನ್ನು ನನ್ನ ಹ್ಯಾಂಡಲ್ಲಿಗೆ ಹಾಕಿ, "ಸಿಕ್ಕಿದ್ರೆ ಕೊಡಿ" ಎಂದರು. ನಾನು ಪೆಡಲ್ ಒತ್ತಿದೆ. ಬಿಡದಿಯ ಹತ್ತಿರ ಒಂದು ಮೋರಿಯ ಬಳಿ ಯಾರೂ ನೋಡದಾಗ ಆ ಹಾರವನ್ನು ಎಸೆದೆ.

ಚಾಮರಾಜನಗರ ಮುಟ್ಟಿದೆವು. ಅಲ್ಲಿಯೂ ಹಾರ ಹಾಕಿದರು, ಫೋಟೋ ತೆಗೆದರು. ಆ ಫೋಟೋ ನಮ್ಮ ಮನೆಯ ನಡುಮನೆಯಲ್ಲಿ ಈಗಲೂ ಇದೆ.

ಅತ್ತ ಅವನು ಅತ್ತಿಗುಪ್ಪೆಯಲ್ಲಿ ಕಾದ. ಹೆರಿಗೆಯ ಸುದ್ದಿ ಹೆಣ್ಣಿನ ಮನೆಯವರು ಹೇಳಿ ಕಳಿಸಬೇಕು, ಆಮೇಲೆ ಗಂಡಿನ ಮನೆಯವರು ಹೋಗಿ ನೋಡಬೇಕು. ಉಲ್ಲಾಳದವರು ಸುದ್ದಿ ಮುಟ್ಟಿದೆ, ಇನ್ನು ಬರಬೇಕಾದವರು ಅವರು ಎಂದು ಕೂತರು. ಅತ್ತಿಗುಪ್ಪೆಯವರು ಕರೆಯೇ ಬಂದಿಲ್ಲ ಎಂದು ಕೂತರು. ಕೆಂಗೇರಿಯ ಸಂತೆಯಲ್ಲಿ ಯಾರೋ ಅವನ ತಾಯಿಗೆ "ಮೊಮ್ಮಗಳು ಹುಟ್ಟಿದ್ದು ತಿಳೀದಾ ನಿಮಗೆ?" ಎಂದು ಕೇಳುವ ಹೊತ್ತಿಗೆ ಅಲ್ಲಿ ಹೆಸರಿಡುವುದೂ ಮುಗಿದಿತ್ತು. ಅವನು ಓಡಿಹೋದಾಗ ಮಾವ ಬಾಗಿಲಲ್ಲೇ ನಿಲ್ಲಿಸಿ, "ಗೊತ್ತಾಗಿ ಹೋದೋರು ಈಗ್ಯಾಕೆ ಬಂದ್ರಿ?" ಎಂದರಂತೆ. ನನಗೆ ಗೊತ್ತೇ ಇರಲಿಲ್ಲ ಎಂದು ಇವನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. "ನಿಮ್ಮ ಸ್ನೇಹಿತರೇ ಹೇಳಿದ್ರಲ್ಲ" ಎಂದರು.

ಅಲ್ಲಿಂದ ಅವನು ನೇರ ನಮ್ಮ ಮನೆಗೆ ಬಂದ. ಒಳಗೆ ಬರಲಿಲ್ಲ, ಗೇಟಿನ ಹೊರಗೇ ನಿಂತ.

"ಯಾಕ್ ಹಂಗಂದೆ?"

"ಬಾಯಿ ತಪ್ಪಿ ಬಂತು ಕಣೋ."

"ಆಯ್ತು, ಬಿಡು. ಹುರುಳಿ ವಿಷ್ಯ ನಾನು ಎತ್ತಲ್ಲ. ಉಲ್ಲಾಳಕ್ಕೆ ಬಂದು ಒಂದ್ ಮಾತು ಹೇಳು. ಅವನಿಗೆ ಗೊತ್ತಿರ್ಲಿಲ್ಲ ಅಂತ, ಅಷ್ಟೆ. ನಾನು ಹೊರಗೇ ನಿಂತಿರ್ತೀನಿ."

"ಭಾನುವಾರ ಬರ್ತೀನಿ."

ಭಾನುವಾರ ಅಂಗಡಿಯಲ್ಲಿ ಕೆಲಸ ಎಂದೆ. ಮುಂದಿನ ಭಾನುವಾರ ಜ್ವರ ಎಂದು ಅಮ್ಮನ ಕೈಲಿ ಹೇಳಿಸಿದೆ. ಮೂರನೆಯ ಸಲ ಅವನು ಬರಲಿಲ್ಲ. ಕೊನೆಗೆ ಎರಡೂ ಕಡೆಯ ಹಿರಿಯರು ಕೂತು ಮಾತಾಡಿ ತಾಯಿ ಮಗುವನ್ನು ಅತ್ತಿಗುಪ್ಪೆಗೆ ಕರೆತಂದಾಗ ಮಗು ಬೋರಲು ಬೀಳುತ್ತಿತ್ತಂತೆ. ಹೆಣ್ಣೆಂದು ತಿಳಿದು ಹೋದವನು ಎಂಬ ಮಾತು ಮಾತ್ರ ಆ ಪಂಚಾಯಿತಿಯಲ್ಲಿ ಕರಗಲಿಲ್ಲ. ಹೋಗಲಿ, ಆದದ್ದಾಯಿತು ಎಂದು ಅವನನ್ನು ಕ್ಷಮಿಸಿದರು. ಮಾಡದ ತಪ್ಪಿಗೆ ಅವನು ಕೈ ಮುಗಿದ.

ನಮ್ಮಿಬ್ಬರ ಮಾತು ಬಹಳ ವರ್ಷ ನಿಂತಿತ್ತು. ನಮ್ಮಮ್ಮ ತೀರಿಕೊಂಡಾಗ ಅವನಾಗಿಯೇ ಬಂದು ಚಟ್ಟಕ್ಕೆ ಹೆಗಲು ಕೊಟ್ಟ. ಮತ್ತೆ ಬಳಕೆ ಶುರುವಾಯಿತು. ವಯಸ್ಸಾದ ಮೇಲೆ ಅತ್ತಿಗುಪ್ಪೆಯ ಪಾರ್ಕಿನ ಬೆಂಚಿನಲ್ಲಿ ಒಂದು ದಿನ ನಾನು ಅವನ ಕೈ ಹಿಡಿದು ಕ್ಷಮಿಸು ಎಂದು ಕೇಳಿದೆ. ಅವನು ನಕ್ಕ. "ಹುರುಳಿದು ಬಿಡ್ಲಾ ಗುರು. ನಾನೂ ಮಾತು ತಪ್ಪಿದ್ದೆ, ನೀನೂ ತಪ್ಪಿದೆ, ಚುಕ್ತಾ. ರೋಡಲ್ಲಿ ಹೇಳಿದ್ದು ಮಾತ್ರ ನನಗಲ್ಲ ಕಣೋ ತಗುಲಿದ್ದು." ಯಾರಿಗೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಅದಕ್ಕೂ ಎಷ್ಟೋ ವರ್ಷ ಮೊದಲು, ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ಅವನ ಆ ಮಗಳ ಮದುವೆಯ ದಿನ, ಬಳೆ ತೊಡಿಸುವಾಗ ತಾಯಿಯ ಕಡೆಯ ಅಜ್ಜಿಯೊಬ್ಬಳು ತಮಾಷೆಗೆ ಹೇಳುತ್ತಿದ್ದಳು: "ಇವಳು ಹುಟ್ಟಿದ್ ಕೇಳಿ ಇವರಪ್ಪ ಸೈಕಲ್ ಹತ್ತಿ ಓಡೋಗ್ಬಿಟ್ಟಿದ್ದ ಕಣ್ರೇ!" ಎಲ್ಲರೂ ನಕ್ಕರು. ಮದುಮಗಳೂ ನಕ್ಕಳು, ಆದರೆ ಆ ಮಾತನ್ನು ಅವಳು ಮೊದಲ ಸಲ ಕೇಳುತ್ತಿರಲಿಲ್ಲ ಎಂಬುದು ಅವಳ ನಗುವಿನಲ್ಲೇ ಕಾಣುತ್ತಿತ್ತು. ನಾನು ಎರಡಡಿ ದೂರದಲ್ಲಿ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದೆ.

ಹೋದ ವರ್ಷ ಅವನು ತೀರಿಕೊಂಡ. ಹನ್ನೊಂದನೆಯ ದಿನ ಊಟ ಮುಗಿದ ಮೇಲೆ ಅವನ ಆ ಮಗಳು ನನ್ನ ಪಕ್ಕದ ಕುರ್ಚಿಗೆ ಬಂದು ಕೂತಳು. ಅವಳ ತಲೆಗೂದಲೂ ನರೆತಿದೆ.

"ದೊಡ್ಡಪ್ಪಾ, ಒಂದು ಕೇಳ್ಲಾ? ನಾನು ಹುಟ್ಟಿದ್ದು ಗೊತ್ತಿರಲೇ ಇಲ್ಲ ಅಂತ ಅಪ್ಪ ಹೇಳ್ತಿದ್ರು. ಗೊತ್ತಾಗೇ ಹೋದ ಅಂತ ತಾತ. ತಾತ ಸುಳ್ಳು ಹೇಳೋರಲ್ಲ. ಅಪ್ಪ ನನ್ನ ಸಮಾಧಾನಕ್ಕೆ ಹೇಳ್ತಿದ್ರೇನೋ ಅಂತ ನಾನು ಅವರನ್ನ ಪೂರ್ತಿ ನಂಬ್ಲೇ ಇಲ್ಲ. ನೀವು ಜೊತೇಲಿದ್ರಲ್ಲ. ನಿಜ ಯಾವುದು?"

"ಹಳೇ ಮಾತು ಬಿಡಮ್ಮಾ" ಎಂದೆ.

ಅವಳು ನೆಂಟರಿಗೆ ನೀರು ಕೊಡಲು ಎದ್ದುಹೋದಳು.

ನಿನ್ನ ತಾತ ಸುಳ್ಳು ಹೇಳಲಿಲ್ಲ, ನಿಮ್ಮಪ್ಪನೂ ಹೇಳಲಿಲ್ಲ ಎಂದು ಆ ದಿನ ನಾನು ಹೇಳಬೇಕಿತ್ತು. ಹೇಳಿದವನು ನಾನು. ನಿಮ್ಮಪ್ಪ ನೀನು ಹುಟ್ಟುವ ನೋವನ್ನು ಬೇಲಿಯಾಚೆ ನಿಂತು ಕೇಳಿ, ಅದಕ್ಕಾಗಿಯೇ ತನ್ನ ಬೋರ್ಡನ್ನು ಕಳೆದುಕೊಂಡು, ಅತ್ತಿಗುಪ್ಪೆಯಲ್ಲಿ ನಿನ್ನ ಸುದ್ದಿಗೆ ಕಾದು ಕೂತಿದ್ದ. ಮೇಷ್ಟ್ರು ಹೋದರು, ಆ ಮಾವ ಹೋದರು, ಅವನೂ ಹೋದ. ನಾನು ಕ್ಷಮೆ ಕೇಳದೆ ಉಳಿಸಿಕೊಂಡಿರುವುದು ಬದುಕಿರುವ ಒಬ್ಬಳನ್ನು: ನನ್ನನ್ನು ಇಂದಿಗೂ ದೊಡ್ಡಪ್ಪ ಎಂದು ಕರೆಯುವ, ಅತ್ತಿಗುಪ್ಪೆಯ ನನ್ನ ಗೆಳೆಯನ ಹಿರಿಯ ಮಗಳನ್ನು.